ತುಂಗೆಯಲ್ಲಿ ಸಿಕ್ಕಿದ್ದು ಮಹಶೀರೋ, ಸಾಮಾನ್ಯ ಗೆಂಡೆಯೋ?

ತುಂಗಾತಟ:
ಗಾಜನೂರು ಹಿನ್ನೀರಿನಲ್ಲಿ ಮೀನು ಹಿಡಿಯಲು ಪರವಾನಗಿ ಇರುವ ನಮ್ಮ ಭಾವನವರ ಜೊತೆ ಕಳೆದ ವಾರ ಗಾಳ ಹಾಕಿದ್ದೆ. ಸುಮಾರು ಮೂರು ಕೆಜಿ ತೂಗಬಹುದಾದ ಹೊಂಬಣ್ಣದ ಮೀನೊಂದು ಸಿಕ್ಕಿತು. ಬಾಯಿಯ ಬಳಿ ಎರಡು ಜೊತೆ ಮೀಸೆಗಳಿದ್ದವು, ಹುರುಪೆಯೂ ದೊಡ್ಡದಾಗಿಯೇ ಕಂಡಿತು. ಭಾವನವರು ಇದು ಹೊಳೆಯ ದೊಡ್ಡ ಮೀನಾದ ಮಹಶೀರ್ ಎಂದು ಫೋಟೋ ತೆಗೆಸಿ ನೀರಿಗೆ ಬಿಡಿಸಿದರು. ದಡದಲ್ಲಿದ್ದ ಹಿರಿಯರೊಬ್ಬರು ಮಾತ್ರ ಇದು ಕೆರೆಗೆ ಬಿಡುವ ಸಾಮಾನ್ಯ ಗೆಂಡೆ ಎಂದು ನಕ್ಕುಬಿಟ್ಟರು. ಎರಡನ್ನೂ ಖಚಿತವಾಗಿ ಬೇರ್ಪಡಿಸುವುದು ಹೇಗೆಂದು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಮಡುಗಾರ:
ನೀವು ಹೇಳಿದ ಮೂರು ಗುರುತುಗಳಲ್ಲಿ ಒಂದೂ ಈ ಪ್ರಶ್ನೆಯನ್ನು ಬಗೆಹರಿಸುವುದಿಲ್ಲ. ಎರಡು ಜೊತೆ ಮೀಸೆ ಎರಡಕ್ಕೂ ಇರುತ್ತದೆ. ಹೊಂಬಣ್ಣವೂ ಎರಡರಲ್ಲೂ ಕಾಣುತ್ತದೆ, ಮೇಲಾಗಿ ನೀರು ಕೆಂಪಾಗಿದೆಯೋ ತಿಳಿಯಾಗಿದೆಯೋ ಎಂಬುದರ ಮೇಲೆ ಅದು ಬದಲಾಗುತ್ತದೆ. ಮೊದಲು ನೋಡಬೇಕಾದದ್ದು ಬೆನ್ನಿನ ಈಜುರೆಕ್ಕೆ. ಸಾಮಾನ್ಯ ಗೆಂಡೆಯಲ್ಲಿ ಅದು ಬೆನ್ನಿನ ನಡುವಿನಿಂದ ಹೊರಟು ಬಾಲದತ್ತ ಉದ್ದಕ್ಕೂ ಸಾಗುತ್ತದೆ, ಮತ್ತು ಅದರ ಮುಂದಿನ ಗಟ್ಟಿ ಮುಳ್ಳಿನ ಹಿಂಬದಿಯಲ್ಲಿ ಗರಗಸದಂಥ ಹಲ್ಲುಗಳಿರುತ್ತವೆ. ಮಹಶೀರ್‌ನ ಬೆನ್ನಿನ ರೆಕ್ಕೆ ಗಿಡ್ಡ, ಅದರ ಮುಳ್ಳು ಬಲವಾಗಿದ್ದರೂ ನಯವಾಗಿರುತ್ತದೆ.

ಎರಡನೆಯದು ಹುರುಪೆಯ ಲೆಕ್ಕ. ಕಿವಿರಿನ ಹಿಂದಿನಿಂದ ಬಾಲದ ಬುಡದವರೆಗೆ ದೇಹದ ಪಕ್ಕದಲ್ಲಿ ಸಣ್ಣ ರಂಧ್ರಗಳ ಗೆರೆಯೊಂದು ಕಾಣುತ್ತದೆ. ಆ ಗೆರೆಯ ಮೇಲಿನ ಹುರುಪೆಗಳನ್ನು ಎಣಿಸಿದರೆ ಮಹಶೀರ್‌ನಲ್ಲಿ 22ರಿಂದ 28ರೊಳಗೆ ಇರುತ್ತವೆ, ಗೆಂಡೆಯಲ್ಲಿ 30 ದಾಟುತ್ತವೆ, ರೋಹುವಿನಲ್ಲಿ 40ರ ಆಸುಪಾಸು. ಸ್ಪಷ್ಟವಾದ ಫೋಟೋ ಇದ್ದರೆ ಮನೆಯಲ್ಲಿ ಕುಳಿತೇ ಎಣಿಸಬಹುದು. ಆದರೆ ಗೆಂಡೆಯಲ್ಲೇ ಮಿರರ್ ಕಾರ್ಪ್ ಎಂಬ ತಳಿಯೊಂದಿದೆ; ಅದರ ಮೈಮೇಲೆ ಅಲ್ಲಲ್ಲಿ ಮಾತ್ರ ಬಲು ದೊಡ್ಡ ಹುರುಪೆಗಳಿದ್ದು ಉಳಿದ ಚರ್ಮ ಬೋಳಾಗಿರುತ್ತದೆ. ದೊಡ್ಡ ಹುರುಪೆ ಎಂದ ಮಾತ್ರಕ್ಕೆ ಮಹಶೀರ್ ಎಂದು ನಂಬಿದವರು ಬಹುಪಾಲು ಇದರಿಂದಲೇ ಮೋಸಹೋಗುತ್ತಾರೆಂದು ನನ್ನ ಅನಿಸಿಕೆ.

ಕಾನುಮನೆ:
ಮೇಲಿನವರು ಹೇಳಿದ್ದು ಗೆಂಡೆಯ ಮಟ್ಟಿಗೆ ಸರಿ, ಆದರೆ ನಮ್ಮ ಹೊಳೆಗಳಲ್ಲಿ ನಿಜವಾದ ಗೊಂದಲ ಹುಟ್ಟುವುದು ಸ್ಥಳೀಯ ಸಂಬಂಧಿಗಳಿಂದ. ಹಿಪ್ಸೆಲೋಬಾರ್ಬಸ್ ಗುಂಪಿನ ಮೀನುಗಳ ಬೆನ್ನಿನ ರೆಕ್ಕೆಯೂ ಗಿಡ್ಡವೇ. ಅಂಥಲ್ಲಿ ತುಟಿ ನೋಡಬೇಕು: ಮಹಶೀರ್‌ನ ತುಟಿ ದಪ್ಪ, ಕೆಳದುಟಿಯ ನಡುವೆ ಮಾಂಸದ ಹಾಲೆಯೊಂದು ಹಿಂದಕ್ಕೆ ಮಡಚಿಕೊಂಡಿರುತ್ತದೆ. ಆ ಹಾಲೆ ಎಲ್ಲ ಮೀನಿನಲ್ಲೂ ಒಂದೇ ಗಾತ್ರದಲ್ಲಿರುವುದಿಲ್ಲವಾದ್ದರಿಂದ ತುಟಿಯೊಂದನ್ನೇ ನೆಚ್ಚಿಕೊಳ್ಳದೆ ಹುರುಪೆಯ ಎಣಿಕೆಯನ್ನೂ ಜೊತೆಗಿಟ್ಟುಕೊಳ್ಳುವುದು ಕ್ಷೇಮ.

ಇನ್ನೊಂದು ಮಾತು. ಇಂಟರ್‌ನೆಟ್ಟಿನಲ್ಲಿ ಸಿಗುವ ಗೂನುಬೆನ್ನಿನ, ಕಿತ್ತಳೆ ರೆಕ್ಕೆಯ ಭಾರಿ ಮಹಶೀರ್‌ಗಳ ಚಿತ್ರಗಳನ್ನು ತುಂಗೆಯ ಮೀನಿಗೆ ಹೋಲಿಸಬೇಡಿ. ಅದು ಕಾವೇರಿ ಜಲಾನಯನಕ್ಕೆ ಸೀಮಿತವಾದ ಟೋರ್ ರೆಮಾದೇವಿ ಎಂಬ ಬೇರೆಯೇ ಮಹಶೀರ್ ಜಾತಿ. 2018ರಲ್ಲಿ ಅದನ್ನು ಅಳಿವಿನ ಅಂಚಿನ ಅತಿ ಗಂಭೀರ ವರ್ಗಕ್ಕೆ ಸೇರಿಸಲಾಯಿತು. ತುಂಗೆ ಕೃಷ್ಣೆಗೆ ಸೇರುವ ನೀರು. ಇಲ್ಲಿರುವುದು ನೀಲಿ-ಬೂದು ರೆಕ್ಕೆಯ ಟೋರ್ ಖುದ್ರಿ. ಅದನ್ನು ಕಣ್ಣಾರೆ ನೋಡಬೇಕೆಂದಿದ್ದರೆ ಗಾಳವೇ ಬೇಡ, ನೀರು ತಿಳಿಯಾದ ಮೇಲೆ ಶೃಂಗೇರಿಯ ಮಠದ ಮೆಟ್ಟಿಲ ಬಳಿ ಒಂದು ಹಿಡಿ ಮಂಡಕ್ಕಿ ಎರಚಿದರೆ ಸಾಕು. ಅಲ್ಲಿಯೂ ತೀರ್ಥಹಳ್ಳಿ ಬಳಿಯ ಚಿಪ್ಪಲಗುಡ್ಡೆ ಮತ್ಸ್ಯಧಾಮದಲ್ಲಿಯೂ ಮೀನು ಹಿಡಿಯುವಂತಿಲ್ಲ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ತುಂಗಾತಟ:
ಇಬ್ಬರಿಗೂ ಧನ್ಯವಾದಗಳು. ಫೋಟೋ ದೊಡ್ಡದು ಮಾಡಿ ನೋಡಿದೆ. ಬೆನ್ನಿನ ರೆಕ್ಕೆ ಬಾಲದ ಹತ್ತಿರದವರೆಗೂ ಚಾಚಿದೆ, ಮುಳ್ಳಿನ ಹಲ್ಲುಗಳೂ ಕಾಣುತ್ತಿವೆ, ಹುರುಪೆ ಎಣಿಸಿದರೆ 36 ಬಂತು. ಹಾಗಾದರೆ ಅದು ಗೆಂಡೆಯೇ. ಭಾವನವರು ಮಾತ್ರ ಇನ್ನೂ ಒಪ್ಪಿಲ್ಲ.

ಮಡುಗಾರ:
ಅವರು ಒಪ್ಪದಿದ್ದರೂ ಅನುಮಾನ ಬಂದಾಗ ನೀರಿಗೆ ಬಿಡಿಸಿದ್ದು ಒಳ್ಳೆಯದೇ ಆಯಿತು. ಮುಂದಿನ ಸಲ ಮೀನನ್ನು ದಡದ ಮಣ್ಣಿನ ಮೇಲೆ ಮಲಗಿಸದೆ, ಕೈ ಒದ್ದೆ ಮಾಡಿಕೊಂಡು ನೀರಿನಲ್ಲೇ ಹಿಡಿದು, ಬೆನ್ನಿನ ರೆಕ್ಕೆ ಬಿಡಿಸಿ ಪಕ್ಕದಿಂದ ಒಂದು, ಬಾಯಿಯ ಕೆಳಗಿನಿಂದ ಒಂದು ಫೋಟೋ ತೆಗೆಯಿರಿ. ಗೆಂಡೆಯೆಂದು ಅಲ್ಲೇ ಖಚಿತವಾದರೆ ಸಾರಿಗೆ ಒಯ್ಯಲು ನನ್ನ ಅಡ್ಡಿಯೇನೂ ಇಲ್ಲ.