ಮನಿಲಾ ಬಸ್ ಪ್ರಕರಣ: ಕೊನೆಗೆ ಯಾರಿಗೆ ಶಿಕ್ಷೆ ಆಯಿತು?

ಪ್ರಶ್ನೆ / ಬರೆದವರು: ಮುಂಜಾನೆಪಾಳಿ

2010ರ ಆಗಸ್ಟ್ 23ರ ಸಂಜೆ ನಾನು ಆಸ್ಪತ್ರೆಯಲ್ಲಿದ್ದೆ. ಅಮ್ಮನಿಗೆ ಆಪರೇಷನ್ ಆಗಿತ್ತು. ವಾರ್ಡಿನ ಮೂಲೆಯಲ್ಲಿದ್ದ ಟೀವಿಯಲ್ಲಿ, ಫಿಲಿಪೀನ್ಸ್‌ನ ಮನಿಲಾದಲ್ಲಿ ಒತ್ತೆಯಾಳುಗಳಿದ್ದ ಆ ಬಸ್ಸು ಲೈವ್ ಬರುತ್ತಿತ್ತು. ಅಲ್ಲಿ ಆಗಲೇ ಕತ್ತಲಾಗಿತ್ತು, ಮಳೆ ಬೇರೆ. ಪೊಲೀಸರು ದೊಡ್ಡ ಸುತ್ತಿಗೆ ಹಿಡಿದು ಕಿಟಕಿಗಳಿಗೆ ಹೊಡೆಯುತ್ತಿದ್ದರು. ಗಾಜು ಒಡೆಯಿತು, ಒಳಗೆ ಮಾತ್ರ ಯಾರೂ ಹೋಗಲಿಲ್ಲ. ಬಾಗಿಲಿಗೆ ಹಗ್ಗ ಕಟ್ಟಿ ಎಳೆದರು. ಹಗ್ಗ ಹರಿಯಿತು. ಪಕ್ಕದ ಮಂಚದ ಅಜ್ಜಿ "ಒಳಗೆ ಮಕ್ಕಳಿದ್ದಾರೇನಮ್ಮ?" ಅಂತ ಮತ್ತೆ ಮತ್ತೆ ಕೇಳುತ್ತಿದ್ದರು. ನನಗೂ ಗೊತ್ತಿರಲಿಲ್ಲ.

ನಾನೀಗ ಕಾಲೇಜಿನಲ್ಲಿ ಪತ್ರಿಕೋದ್ಯಮ ಪಾಠ ಮಾಡುತ್ತೇನೆ. ಕಳೆದ ವಾರ ಈ ಪ್ರಕರಣ ತೆಗೆದುಕೊಂಡಿದ್ದೆ. ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಕೆಲಸದಿಂದ ವಜಾ ಆಗಿದ್ದ ಪೊಲೀಸ್ ಅಧಿಕಾರಿ ರೊಲಾಂಡೊ ಮೆಂಡೋಜ ಎಂ-16 ರೈಫಲ್ ಹಿಡಿದು ಪ್ರವಾಸಿ ಬಸ್ಸೊಂದನ್ನು ವಶಕ್ಕೆ ತೆಗೆದುಕೊಂಡ. ಒಳಗಿದ್ದ 25 ಜನರಲ್ಲಿ ಬಹುಪಾಲು ಹಾಂಕಾಂಗ್‌ನವರು. ಅವನ ಬೇಡಿಕೆ ಒಂದೇ, ಕೆಲಸ ವಾಪಸ್ ಬೇಕು. ಹಗಲೆಲ್ಲ ಮಾತುಕತೆ ನಡೆಯಿತು, ಕೆಲವರನ್ನು ಬಿಟ್ಟ. ಒಬ್ಬ ತಾಯಿ ಮತ್ತು ಮಕ್ಕಳು ಹಾಗೆ ಹೊರಗೆ ಬಂದರು. ಸಂಜೆ ಅವನ ತಮ್ಮನನ್ನು ಪೊಲೀಸರು ಕ್ಯಾಮೆರಾ ಮುಂದೆಯೇ ಎಳೆದುಕೊಂಡು ಹೋದರು. ಬಸ್ಸಿನಲ್ಲಿ ಟೀವಿ ಇತ್ತು, ಅವನು ಅದನ್ನು ನೋಡಿದ. ಆಮೇಲೆ ಗುಂಡು ಹಾರಿತು. ಸತ್ತ ಒತ್ತೆಯಾಳುಗಳು 8 ಜನ, ಎಂಟೂ ಜನ ಹಾಂಕಾಂಗ್‌ನವರು. ಕೊನೆಗೆ ಅವನೂ ಪೊಲೀಸರ ಗುಂಡಿಗೆ ಸತ್ತ.

ಪಾಠ ಮುಗಿದ ಮೇಲೆ ಒಬ್ಬ ಹುಡುಗ ಎದ್ದು ನಿಂತು ಕೇಳಿದ: "ಮೇಡಂ, ಇಷ್ಟು ಕೆಟ್ಟದಾಗಿ ನಡೆಸಿದ್ದಕ್ಕೆ ಕೊನೆಗೆ ಯಾರಿಗೆ ಶಿಕ್ಷೆ ಆಯಿತು?" ಮಾಧ್ಯಮದವರ ತಪ್ಪಿನ ಬಗ್ಗೆ ನಾನು ಒಂದು ಗಂಟೆ ಮಾತಾಡಿದ್ದೆ. ಈ ಪ್ರಶ್ನೆಗೆ ಉತ್ತರ ಇರಲಿಲ್ಲ.

ಪೊಲೀಸ್ ಅಥವಾ ಕಾನೂನಿನ ಕೆಲಸ ಗೊತ್ತಿರುವವರು ಯಾರಾದರೂ ಇದ್ದೀರಾ? ಇಂಥ ಪ್ರಕರಣದಲ್ಲಿ ಹೊಣೆ ಯಾರದ್ದು ಅಂತ ಹುಡುಕುವುದು ಎಲ್ಲಿಂದ ಶುರುವಾಗಬೇಕು?

ಉತ್ತರ / ಬರೆದವರು: ನೇರಮಾತು

ಮೇಡಂ, ನನ್ನ ಅಣ್ಣ ಪೊಲೀಸ್ ಕಾನ್‌ಸ್ಟೇಬಲ್. ಅದಕ್ಕೇ ಬರೆಯುತ್ತಿದ್ದೇನೆ. ಸುತ್ತಿಗೆ ಹಿಡಿದವರನ್ನು ನೋಡಿ ಇಡೀ ಜಗತ್ತು ಆಡಿಕೊಂಡಿತು. ಆದರೆ ಆ ಹುಡುಗರ ಕೈಗೆ ಸುತ್ತಿಗೆ ಕೊಟ್ಟವರು ಯಾರು? ಬಸ್ಸಿನ ಗಾಜು ಹೇಗೆ ಒಡೆಯುತ್ತದೆ, ಬಾಗಿಲು ಹೇಗೆ ತೆರೆಯುತ್ತದೆ ಅಂತ ಅಭ್ಯಾಸ ಮಾಡಿಸದೆ ಮುಂದೆ ತಳ್ಳಿದವರು ಯಾರು? ಒಳಗೆ ರೈಫಲ್ ಹಿಡಿದವನಿದ್ದಾನೆ ಅಂತ ಗೊತ್ತಿದ್ದೂ ಅವರು ಆ ಕಿಟಕಿ ಹತ್ತಿರ ಹೋದರಲ್ಲ. ತಪ್ಪು ಆಗಿದೆ, ಒಪ್ಪುತ್ತೇನೆ. ಆದರೆ ಯಾವಾಗಲೂ ಕೆಳಗಿನವನ ತಲೆಗೇ ಕಟ್ಟುತ್ತಾರೆ. ನಿಮ್ಮ ಪಾಠದಲ್ಲಿ ಹಾಗಾಗದಿರಲಿ.

ಉತ್ತರ / ಬರೆದವರು: ಹಳೆವೈರ್‌ಲೆಸ್

ಮೇಡಂ, ನಾನು 22 ವರ್ಷ ಪೊಲೀಸ್ ಕಂಟ್ರೋಲ್ ರೂಮಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಬಂದೂಕು ಹಿಡಿದವನಲ್ಲ. ವೈರ್‌ಲೆಸ್‌ನಲ್ಲಿ ಬಂದದ್ದನ್ನು ಲಾಗ್ ಬುಕ್‌ನಲ್ಲಿ ಬರೆಯುವುದು ನನ್ನ ಕೆಲಸ. ಎಷ್ಟು ಗಂಟೆ, ಯಾರು ಯಾರಿಗೆ ಏನು ಹೇಳಿದರು, ಅಷ್ಟೇ. ಹಾಗಾಗಿ ನನ್ನ ಉತ್ತರವೂ ಅಲ್ಲಿಂದಲೇ ಬರುತ್ತದೆ. ಗಡಿಯಾರದಿಂದ ಶುರು ಮಾಡಿ. ಯಾರು ಧೈರ್ಯವಂತ, ಯಾರು ಹೇಡಿ ಅನ್ನುವುದನ್ನು ಆಮೇಲೆ ನೋಡೋಣ. ಮೊದಲು ಒಂದು ಹಾಳೆ ತೆಗೆದುಕೊಂಡು ಎಡಗಡೆ ಸಮಯ ಬರೆಯಿರಿ. ಬಲಗಡೆ, ಆ ಸಮಯದಲ್ಲಿ ‘ಸರಿ, ಮಾಡಿ’ ಅನ್ನುವ ಅಧಿಕಾರ ಯಾರಿಗಿತ್ತು, ಅವರು ಎಲ್ಲಿದ್ದರು ಅಂತ ಬರೆಯಿರಿ.

ಮನಿಲಾಗೆ ಇದನ್ನು ಹಾಕಿ ನೋಡಿ. ನಗರದ ಬಿಕ್ಕಟ್ಟು ನಿರ್ವಹಣಾ ಸಮಿತಿಯ ಮುಖ್ಯಸ್ಥರು ಮೇಯರ್ ಆಲ್ಫ್ರೆಡೊ ಲಿಮ್. ಅವರು ಹಿಂದೆ ಮನಿಲಾ ಪೊಲೀಸ್ ಮುಖ್ಯಸ್ಥರೇ ಆಗಿದ್ದವರು, ಏನೂ ಗೊತ್ತಿಲ್ಲದವರಲ್ಲ. ಸ್ಥಳದ ಕಮಾಂಡರ್ ಜನರಲ್ ರೊಡಾಲ್ಫೊ ಮಗ್ತಿಬೈ. ತಮ್ಮನನ್ನು ಹಿಡಿದು ಒಯ್ಯಲು ಹೇಳಿದ್ದು ಮೇಯರ್. ಪರಿಸ್ಥಿತಿ ಕೈ ಮೀರುತ್ತಿದ್ದ ಹೊತ್ತಿನಲ್ಲೇ ಈ ಇಬ್ಬರೂ ಕಮಾಂಡ್ ಪೋಸ್ಟ್ ಬಿಟ್ಟು ಹತ್ತಿರದ ಒಂದು ರೆಸ್ಟೋರೆಂಟಿಗೆ ಹೋಗಿದ್ದರು. ಇದು ಗಾಳಿ ಸುದ್ದಿಯಲ್ಲ, ಸರ್ಕಾರವೇ ನೇಮಿಸಿದ ತನಿಖಾ ಸಮಿತಿಯ ವರದಿಯಲ್ಲಿ ಬಂದದ್ದು. ಬಸ್ಸಿನಲ್ಲಿ ಗುಂಡು ಹಾರಿದಾಗ ಬಲಗಡೆಯ ಕಾಲಂ ಖಾಲಿ. ನೇರಮಾತು ಅವರೇ, ನಿಮ್ಮ ಪ್ರಶ್ನೆಗೆ ಉತ್ತರ ಆ ಖಾಲಿ ಜಾಗದಲ್ಲೇ ಇದೆ.

ಇನ್ನೊಂದು ಸಾಲು ಸೇರಿಸಿ. ಒಳಗೆ ನುಗ್ಗುವ ಕೆಲಸಕ್ಕೆ ರಾಷ್ಟ್ರೀಯ ಪೊಲೀಸರ ಸ್ಪೆಷಲ್ ಆಕ್ಷನ್ ಫೋರ್ಸ್ ಬಳಸಿ ಅಂತ ಅಧ್ಯಕ್ಷ ಅಕಿನೊ ಹೇಳಿದ್ದರು. ಆ ಪಡೆ ಇತ್ತು. ಆದರೂ ಕಳಿಸಿದ್ದು ಮನಿಲಾ ಪೊಲೀಸರದ್ದೇ ಸ್ವಾಟ್ ಅನ್ನುವ ಸ್ಥಳೀಯ ಸಶಸ್ತ್ರ ತಂಡವನ್ನು. ಹಗ್ಗ ಹರಿದದ್ದು ಎಲ್ಲರಿಗೂ ಕಾಣಿಸಿತು, ಈ ತೀರ್ಮಾನ ಯಾವ ಕ್ಯಾಮೆರಾಗೂ ಕಾಣಿಸಲಿಲ್ಲ.

ಸಂಧಾನಕಾರರ ಕಷ್ಟವನ್ನೂ ಹೇಳಬೇಕು. ಒಂದು ರೇಡಿಯೊ ಕೇಂದ್ರ ಮೆಂಡೋಜನ ಜೊತೆ ಫೋನಿನಲ್ಲಿ ನೇರ ಸಂದರ್ಶನ ಮಾಡುತ್ತಿತ್ತು. ಲೈನ್ ಬಿಡುವಿಲ್ಲದೆ ಸಂಧಾನಕಾರರಿಗೆ ಅವನು ಸಿಗಲಿಲ್ಲ. ಇದು ನಿಮ್ಮ ಪಾಠದಲ್ಲಿ ಇದ್ದೇ ಇರುತ್ತದೆ. ಆದರೆ ಬಸ್ಸಿನ ಸುತ್ತ ಜಾಗ ಖಾಲಿ ಮಾಡಿಸುವುದು, ಕ್ಯಾಮೆರಾಗಳನ್ನು ದೂರ ಇಡಿಸುವುದು, ಫೋನ್ ಲೈನ್ ತಮ್ಮ ಕೈಯಲ್ಲಿ ಇಟ್ಟುಕೊಳ್ಳುವುದು ಪೊಲೀಸರ ಕೆಲಸ. ಮಾಧ್ಯಮ ತಪ್ಪು ಮಾಡಿತು ಅಂದರೆ ಪೊಲೀಸರ ತಪ್ಪು ಕಡಿಮೆ ಆಗುವುದಿಲ್ಲ.

ಇದನ್ನೆಲ್ಲ ಇಷ್ಟು ಒತ್ತಿ ಯಾಕೆ ಹೇಳುತ್ತಿದ್ದೇನೆ ಅಂತ ನಿಮಗೆ ಅನಿಸಬಹುದು. ನನಗೂ ಒಂದು ಕಾರಣ ಇದೆ. ಊರು, ಹೆಸರು ಬೇಡ. ಒಬ್ಬ ಕುಡಿದು ಬಂದು ಹೆಂಡತಿ, ಮಗನನ್ನು ಒಳಕೋಣೆಗೆ ತಳ್ಳಿ ಚಿಲಕ ಹಾಕಿಕೊಂಡಿದ್ದ. ಕೈಯಲ್ಲಿ ಮಚ್ಚು. ಹುಡುಗನಿಗೆ ಆರು ವರ್ಷ. ರಾತ್ರಿ 9.10ಕ್ಕೆ ನಮ್ಮ ಮೊದಲ ಗಾಡಿ ಅಲ್ಲಿಗೆ ಹೋಯಿತು. ಹೋದ ಹುಡುಗರು ವೈರ್‌ಲೆಸ್‌ನಲ್ಲಿ ಕೇಳುತ್ತಲೇ ಇದ್ದರು, "ಬಾಗಿಲು ಒಡೆಯೋಣವಾ?" ಅಂತ. ಹೇಳಬೇಕಾದ ಸಾಹೇಬರು ಸಿಗಲಿಲ್ಲ. ಒಂದು ಸಮಾರಂಭದಲ್ಲಿ ಊಟಕ್ಕೆ ಕೂತಿದ್ದರು. ‘ನಾನು ಇಲ್ಲ, ಇಂಥವರು ನೋಡಿಕೊಳ್ಳುತ್ತಾರೆ’ ಅಂತ ಯಾರಿಗೂ ಚಾರ್ಜ್ ಕೊಟ್ಟಿರಲಿಲ್ಲ. ನಾನು ಆ ಪ್ರಶ್ನೆಯನ್ನು ಲಾಗ್‌ನಲ್ಲಿ ಐದು ಸಲ ಬರೆದೆ. ಉತ್ತರದ ಜಾಗದಲ್ಲಿ ಐದು ಸಲವೂ ‘ಸಂಪರ್ಕಕ್ಕೆ ಸಿಕ್ಕಿಲ್ಲ’. 9.55ಕ್ಕೆ ಒಳಗಿಂದ ಹೆಂಗಸಿನ ಕೂಗು ಕೇಳಿ, ಹುಡುಗರು ಆದೇಶಕ್ಕೆ ಕಾಯದೆ ಬಾಗಿಲು ಒಡೆದರು. ಇಬ್ಬರೂ ಬದುಕಿದರು. ಆದರೆ ಆ ಹೆಂಗಸಿನ ಬಲ ಭುಜಕ್ಕೆ ಏಟು ಬಿದ್ದಿತ್ತು.

ಮರುದಿನ ನನ್ನನ್ನು ಕರೆಸಿದರು. ಆ ಪುಟ ಬದಲಾಯಿಸಿ ಬರೆಯಲು ಹೇಳಿದರು. ಸಾಹೇಬರು 9.20ಕ್ಕೆ ಸ್ಥಳಕ್ಕೆ ಬಂದರು, ಮಾತುಕತೆಗೆ ಸೂಚನೆ ಕೊಟ್ಟರು ಅಂತ. ನಾನು ಬರೆದೆ. ಮಗಳ ಮದುವೆ ಹತ್ತಿರ ಇತ್ತು, ವರ್ಗಾವಣೆಯ ಭಯ ಇತ್ತು. ಅದು ಕಾರಣವೇ ಹೊರತು ಸಮರ್ಥನೆ ಅಲ್ಲ. ಆದೇಶ ಇಲ್ಲದೆ ಬಾಗಿಲು ಒಡೆದರು ಅಂತ ಆ ಇಬ್ಬರು ಕಾನ್‌ಸ್ಟೇಬಲ್‌ಗಳಿಗೆ ನೋಟಿಸ್ ಹೋಯಿತು.

ಅದಕ್ಕೇ ಹೇಳುತ್ತಿದ್ದೇನೆ ಮೇಡಂ. ಲಾಗ್ ಬುಕ್, ವೈರ್‌ಲೆಸ್ ರೆಕಾರ್ಡಿಂಗ್ ಆ ರಾತ್ರಿಯೇ ಇಲಾಖೆಯ ಕೈ ತಪ್ಪಿ ಹೊರಗಿನ ಒಬ್ಬರ ಕೈ ಸೇರಬೇಕು. ಬೆಳಗಾದ ಮೇಲೆ ಸೇರಿದರೆ ಅದು ಬೇರೆ ಪುಸ್ತಕ ಆಗಿರುತ್ತದೆ.

ಉತ್ತರ / ಬರೆದವರು: ಕಟಕಟೆ

ಹಳೆವೈರ್‌ಲೆಸ್ ಸರ್, ಇದನ್ನು ಬರೆದದ್ದಕ್ಕೆ ನಿಮಗೆ ನಮಸ್ಕಾರ. ನಾನು ವಕೀಲೆ. ಹುಡುಗನ ಪ್ರಶ್ನೆಗೆ ಕಾನೂನಿನ ಕಡೆಯಿಂದ ಉತ್ತರ ಹೇಳುತ್ತೇನೆ.

ಫಿಲಿಪೀನ್ಸ್‌ನಲ್ಲಿ ನ್ಯಾಯ ಖಾತೆಯ ಕಾರ್ಯದರ್ಶಿ ಲೈಲಾ ಡಿ ಲಿಮಾ ನೇತೃತ್ವದ ಸಮಿತಿ ಒಂದು ತಿಂಗಳೊಳಗೆ ವರದಿ ಕೊಟ್ಟಿತು. ವರದಿ ಚೆನ್ನಾಗಿಯೇ ಇತ್ತು, ಹೆಸರು ಹಿಡಿದು ಹೇಳಿತ್ತು. ಆದರೆ ಅದು ಅಧ್ಯಕ್ಷರ ಕಚೇರಿಗೆ ಹೋಯಿತು. ಅಲ್ಲಿನ ಕಾನೂನು ತಂಡ ಮತ್ತೆ ಪರಿಶೀಲಿಸಿತು. 2010ರ ಅಕ್ಟೋಬರ್ ಹೊತ್ತಿಗೆ ಮೇಲಿನವರ ಮೇಲೆ ಕ್ರಿಮಿನಲ್ ಕೇಸು ಬೇಡ, ಇಲಾಖಾ ಕ್ರಮ ಸಾಕು ಅನ್ನುವಲ್ಲಿಗೆ ಬಂತು. ಮೆಂಡೋಜನ ಮರುಪರಿಶೀಲನೆ ಅರ್ಜಿಯನ್ನು ತಿಂಗಳುಗಟ್ಟಲೆ ಇಟ್ಟುಕೊಂಡಿದ್ದ ಉಪ ಓಂಬುಡ್ಸ್‌ಮನ್‌ರನ್ನು (ನಮ್ಮ ಲೋಕಾಯುಕ್ತದಂಥ ಹುದ್ದೆ) ಅಧ್ಯಕ್ಷರ ಕಚೇರಿ ವಜಾ ಮಾಡಿತು. 2012ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಆ ವಜಾವನ್ನೂ ರದ್ದು ಮಾಡಿತು.

ಹಾಂಕಾಂಗ್ ತನ್ನದೇ ಕರೋನರ್ ವಿಚಾರಣೆ ನಡೆಸಿತು. ಸಾವು ಹೇಗಾಯಿತು ಅಂತ ತಿಳಿಯುವುದಷ್ಟೇ ಅದರ ಕೆಲಸ, ಶಿಕ್ಷೆ ಕೊಡುವ ಅಧಿಕಾರ ಅದಕ್ಕಿಲ್ಲ. ಫಿಲಿಪೀನ್ಸ್‌ನ ಹಲವು ಸಾಕ್ಷಿಗಳು ಬರಲೇ ಇಲ್ಲ. 2011ರ ಮಾರ್ಚ್‌ನಲ್ಲಿ ಐದು ಜನರ ಜ್ಯೂರಿ, ಎಂಟೂ ಜನರದ್ದು ಕಾನೂನುಬಾಹಿರ ಹತ್ಯೆ ಅಂತ ಹೇಳಿತು. ಕುಟುಂಬದವರು ಕೇಳಿದ್ದು ನಾಲ್ಕೇ: ಕ್ಷಮೆ, ಪರಿಹಾರ, ತಪ್ಪಿತಸ್ಥರಿಗೆ ಶಿಕ್ಷೆ, ಪ್ರವಾಸಿಗರ ಸುರಕ್ಷತೆಗೆ ಕ್ರಮ. ಇದು ಒಬ್ಬನ ಕೃತ್ಯ, ಅದಕ್ಕೆ ಇಡೀ ದೇಶ ಯಾಕೆ ಕ್ಷಮೆ ಕೇಳಬೇಕು ಅನ್ನುವುದು ಅಧ್ಯಕ್ಷರ ವಾದ. ಗುಂಡು ಹೊಡೆದವನು ಒಬ್ಬನೇ, ನಿಜ. ಆದರೆ ಆ ಕುಟುಂಬಗಳು ಹತ್ತು ಗಂಟೆ ಏನು ಮಾಡಿದಿರಿ ಅಂತ ಕೇಳುತ್ತಿದ್ದವು. ಮನಿಲಾ ನಗರದ ಪರವಾಗಿ ಆಗಿನ ಮೇಯರ್ ಜೋಸೆಫ್ ಎಸ್ಟ್ರಾಡ ಕ್ಷಮೆ ಕೇಳಿದ್ದು 2014ರ ಏಪ್ರಿಲ್‌ನಲ್ಲಿ. ಪರಿಹಾರದ ಒಪ್ಪಂದವೂ ಆಗಲೇ ಆಯಿತು. 2018ರಲ್ಲಿ ಅಧ್ಯಕ್ಷ ಡುಟರ್ಟೆ ಹಾಂಕಾಂಗ್‌ಗೆ ಹೋಗಿ ಕ್ಷಮೆ ಕೇಳಿದರು. ಕ್ಷಮೆ ಬಂತು, ಪರಿಹಾರ ಬಂತು. ಮೂರನೆಯ ಬೇಡಿಕೆ ಕುಟುಂಬಗಳು ಕೇಳಿದ ರೀತಿಯಲ್ಲಿ ಈಡೇರಲಿಲ್ಲ.

ಇದಕ್ಕೆ ಹೋಲಿಸಲು ಸಿಡ್ನಿಯ ಲಿಂಟ್ ಕೆಫೆ ಪ್ರಕರಣ ನೋಡಿ. 2014ರ ಡಿಸೆಂಬರ್, 18 ಒತ್ತೆಯಾಳುಗಳು, ಇಬ್ಬರು ಸತ್ತರು. ಒಬ್ಬ ವಕೀಲೆಗೆ ತಗಲಿದ್ದು ಪೊಲೀಸರದ್ದೇ ಗುಂಡಿನ ಚೂರುಗಳು. ಅಲ್ಲಿ ಕರೋನರ್ ಮೈಕಲ್ ಬಾರ್ನ್ಸ್ ವರ್ಷಗಟ್ಟಲೆ ಕೂತು ಸರ್ ಹೇಳಿದ ಗಡಿಯಾರವನ್ನೇ ಇಟ್ಟುಕೊಂಡರು. ರಾತ್ರಿ 2.03ಕ್ಕೆ ಬಂದೂಕುಧಾರಿಯ ಮೊದಲ ಗುಂಡು. 2.13ಕ್ಕೆ ಕೆಫೆ ಮ್ಯಾನೇಜರನ್ನು ಕೊಂದ. ಪೊಲೀಸರು ಒಳಗೆ ಹೋದದ್ದು ಅದಾದ ಮೇಲೆ. ಆ ಹತ್ತು ನಿಮಿಷ ಕಾಯಬಾರದಿತ್ತು ಅಂತ 2017ರ ಮೇ ತಿಂಗಳ ವರದಿಯಲ್ಲಿ ನೇರವಾಗಿ ಬರೆದರು. 45 ಶಿಫಾರಸುಗಳಿದ್ದವು. ಅಲ್ಲೂ ಯಾರೂ ಜೈಲಿಗೆ ಹೋಗಲಿಲ್ಲ. ಆದರೆ ಪೊಲೀಸ್ ಅಧಿಕಾರಿಗಳನ್ನು ಸಾಕ್ಷಿ ಕಟ್ಟೆಯಲ್ಲಿ ನಿಲ್ಲಿಸಿ, ಸತ್ತವರ ಮನೆಯವರ ಎದುರೇ ‘ಆಗ ನೀವು ಎಲ್ಲಿದ್ದಿರಿ?’ ಅಂತ ವಕೀಲರು ಕೇಳಿದರು. ಉತ್ತರ ಕೊಡಲೇಬೇಕಾಯಿತು. ನನ್ನ ಕಕ್ಷಿದಾರರಲ್ಲಿ ಎಷ್ಟೋ ಜನ ಇಷ್ಟನ್ನೇ ಕೇಳುತ್ತಾರೆ, ನಂಬಿ.

ಉತ್ತರ / ಬರೆದವರು: ನೇರಮಾತು

ಸರ್, ಆ ನೋಟಿಸ್ ಬಂದ ಇಬ್ಬರು ಕಾನ್‌ಸ್ಟೇಬಲ್‌ಗಳು ಏನಾದರು? ನಿಮ್ಮ ಪೋಸ್ಟನ್ನು ಅಣ್ಣನಿಗೆ ಓದಿ ಹೇಳಿದೆ. ಅವನು ತುಂಬ ಹೊತ್ತು ಮಾತೇ ಆಡಲಿಲ್ಲ. ಆಮೇಲೆ ಇದನ್ನೇ ಕೇಳಿದ.

ಪ್ರತಿಕ್ರಿಯೆ / ಬರೆದವರು: ಮುಂಜಾನೆಪಾಳಿ

ಎಲ್ಲರಿಗೂ ಥ್ಯಾಂಕ್ಸ್. ಸರ್, ನೀವು ಹೇಳಿದ ಹಾಗೆ ಬೋರ್ಡಿನ ಮೇಲೆ ಎರಡು ಕಾಲಂ ಹಾಕಿದೆ. ಎಡಗಡೆ ಸಮಯ, ಬಲಗಡೆ ಆದೇಶ ಕೊಡಬೇಕಾದವರು ಎಲ್ಲಿದ್ದರು ಅಂತ. ಮೇಯರ್ ರೆಸ್ಟೋರೆಂಟಿನಲ್ಲಿ ಅಂತ ಬರೆದಾಗ ತರಗತಿ ತಣ್ಣಗಾಯಿತು. ಪ್ರಶ್ನೆ ಕೇಳಿದ್ದ ಹುಡುಗನಿಗೆ ಕಟಕಟೆ ಮೇಡಂ ಬರೆದದ್ದನ್ನು ಓದಿ ಹೇಳಿದೆ. "ಹಾಗಾದರೆ ಗೊತ್ತಾಗುವುದೇ ಮೊದಲ ಶಿಕ್ಷೆ, ಅಲ್ವಾ ಮೇಡಂ?" ಅಂದ. ಹೌದು ಅಂತ ಒಪ್ಪಲು ನನಗೆ ಮನಸ್ಸಾಗಲಿಲ್ಲ. ಗೊತ್ತಾದರೆ ಸಾಕು ಅಂತ ಸತ್ತವರ ಮನೆಯವರು ಹೇಳಬಹುದು, ನಾವು ಹೇಳಬಾರದು ಅನಿಸಿತು. ಹಾಗೇ ಅವನಿಗೂ ಹೇಳಿದೆ.

ಸರ್, ನಿಮಗೆ ಬೇಜಾರಾಗದಿದ್ದರೆ ಒಂದು ಕೇಳಲಾ? ಆ ಹೆಂಗಸಿಗೆ, ಆ ಹುಡುಗನಿಗೆ ಆ 45 ನಿಮಿಷದ ವಿಷಯ ಯಾರಾದರೂ ಹೇಳಿದರಾ?

ಉತ್ತರ / ಬರೆದವರು: ಹಳೆವೈರ್‌ಲೆಸ್

ನೇರಮಾತು ಅವರೇ, ಇಬ್ಬರಿಗೂ ಒಂದು ವರ್ಷದ ಇನ್‌ಕ್ರಿಮೆಂಟ್ ತಡೆದರು. ಒಬ್ಬರು ಈಗಿಲ್ಲ. ಇನ್ನೊಬ್ಬರ ಮನೆಗೆ ನಿವೃತ್ತನಾದ ಮೇಲೆ ಹೋಗಿದ್ದೆ, ಪುಟ ಬದಲಾಯಿಸಿದ್ದು ನಾನೇ ಅಂತ ಹೇಳಿದೆ. ಅವರಿಗೆ ಮೊದಲೇ ಗೊತ್ತಿತ್ತಂತೆ. ಕಾಫಿ ಕೊಟ್ಟು ಕಳಿಸಿದರು.

ಮೇಡಂ, ಇಲ್ಲ, ಯಾರೂ ಹೇಳಲಿಲ್ಲ. ಆಮೇಲೊಮ್ಮೆ ಆ ಹೆಂಗಸು ಯಾವುದೋ ದಾಖಲೆ ಕೇಳಿಕೊಂಡು ಮಗನ ಜೊತೆ ಕಚೇರಿಗೆ ಬಂದಿದ್ದರು. ಬಲಗೈ ಮೇಲೆತ್ತಲು ಆಗುತ್ತಿರಲಿಲ್ಲ, ಎಡಗೈಯಲ್ಲಿ ಸಹಿ ಹಾಕಿದರು. ಹೋಗುವಾಗ "ನಿಮ್ಮ ಸಾಹೇಬರು ಬೇಗ ಬಂದಿದ್ದಕ್ಕೆ ಮಗ ಉಳಿದ" ಅಂತ ನನಗೆ ಕೈ ಮುಗಿಯಲು ನೋಡಿದರು. ಒಂದೇ ಕೈ ಮೇಲೆ ಬಂತು.