ಬೋರ್ ಪಾಯಿಂಟ್‌ಗೆ ಮೀಟರ್ ಸರ್ವೆ ಮಾಡಿಸಿದವರು ಅನುಭವ ತಿಳಿಸಿ

ಪಾವಗಡದಿಂದ (ಪ್ರಶ್ನೆ): ನಾಲ್ಕು ಎಕರೆ ಖುಷ್ಕಿಯಲ್ಲಿ ಎರಡು ಕೊಳವೆ ಬಾವಿಗಳು ವಿಫಲವಾಗಿವೆ. ಮೂರನೆಯದನ್ನು ಕೊರೆಸುವ ಮೊದಲು ವಿದ್ಯುತ್ ರೋಧಕತೆಯ ಸರ್ವೆ (ನೆಲಕ್ಕೆ ಸರಳು ನೆಟ್ಟು ವಿದ್ಯುತ್ ಹರಿಸಿ, ನೆಲ ಅದನ್ನು ಎಷ್ಟು ತಡೆಯುತ್ತದೆಂದು ಮೀಟರಿನಲ್ಲಿ ಅಳೆದು ನೀರಿನ ಜಾಗ ಅಂದಾಜಿಸುವುದು) ಮಾಡಿಸಬೇಕೆಂದಿದ್ದೇನೆ. ಮಾಡಿಸಿದವರು ದಯವಿಟ್ಟು ತಿಳಿಸಿ.

ಚಿಂತಾಮಣಿಯಿಂದ: ಮಾಡಿಸಿ ನೊಂದವನು ನಾನು. 5,000 ರೂಪಾಯಿ ಪಡೆದವರು ಮುಕ್ಕಾಲು ಗಂಟೆಯಲ್ಲಿ ತಂತಿ ಸುತ್ತಿಕೊಂಡು, 650 ಅಡಿಗೆ ಎರಡೂವರೆ ಇಂಚು ನೀರೆಂದು (ಬೋರಿನ ನೀರಿನ ಹರಿವನ್ನು ಇಂಚಿನಲ್ಲೇ ಹೇಳುವುದು) ಚೀಟಿ ಬರೆದುಕೊಟ್ಟರು. ಕೊರೆಸಿದರೆ ಆ ಆಳದಲ್ಲಿ ಬರೀ ಬಿಳಿ ಕಲ್ಲುಪುಡಿ ಎದ್ದಿತು. ಲಾರಿಯವರು "ಇನ್ನೊಂದು ನೂರಡಿ ನೋಡೋಣ ಯಜಮಾನರೇ" ಎನ್ನುತ್ತಲೇ 1,040 ಅಡಿ ಮುಟ್ಟಿಸಿದರು. ಕೊರೆತಕ್ಕೆ 1,38,000, ಮೇಲಿನ ಮಣ್ಣು ಕುಸಿಯದಂತೆ ಇಳಿಸುವ 60 ಅಡಿ ಕೇಸಿಂಗ್ ಪೈಪಿಗೆ 24,000, ಸರ್ವೆಯೂ ಸೇರಿ 1,67,000 ರೂಪಾಯಿ ಮಣ್ಣುಪಾಲಾಯಿತು. ಕೇಸಿಂಗ್ ಪೈಪನ್ನು ಮೇಲೆತ್ತಲೂ ಆಗಲಿಲ್ಲ.

ಶಿರಾದಿಂದ: ವಿಧಾನವನ್ನು ದೂರಬೇಡಿ, ಅವಸರವನ್ನು ದೂರಿ. ನಮ್ಮಲ್ಲಿಗೆ ಬಂದ ಭೂವಿಜ್ಞಾನಿಗಳು ಬೆಳಿಗ್ಗೆ ಏಳರಿಂದ ಮೂರು ಕಡೆ ಅಳೆದರು; ಹೊರಗಿನ ಎರಡು ಸರಳುಗಳನ್ನು ಹಂತಹಂತವಾಗಿ ಒಂದೊಂದು ಬದಿಗೆ 150 ಮೀಟರ್‌ವರೆಗೂ ಸರಿಸಿದರು. ಕೆಮ್ಮಣ್ಣು ಒಣಗಿದ್ದರಿಂದ ಮೀಟರಿನ ಅಂಕಿ ನಿಲ್ಲದೆ ಓಡಾಡುತ್ತಿತ್ತು. ನನ್ನ ಮಗ ಪ್ರತಿ ಸರಳಿನ ಬುಡಕ್ಕೂ ಉಪ್ಪುನೀರು ಸುರಿದ ಮೇಲೆ ನಿಂತಿತು. ತಂತಿಬೇಲಿಯ ಪಕ್ಕದಲ್ಲಿ ಬರೆದುಕೊಂಡ ಅಂಕಿಗಳನ್ನೆಲ್ಲ, ಬೇಲಿಯ ತಂತಿಯಲ್ಲೂ ವಿದ್ಯುತ್ ಹರಿದು ಅಳತೆ ಕೆಡುತ್ತದೆಂದು, ಭೂವಿಜ್ಞಾನಿಗಳೇ ಹೊಡೆದುಹಾಕಿ, ಬೇರೆ ಸಾಲಿನಲ್ಲಿ ಪುನಃ ಅಳೆದರು. ಗಟ್ಟಿ ಗ್ರಾನೈಟ್ ಇರುವೆಡೆ ರೋಧಕತೆ ಸಾವಿರ ಓಮ್-ಮೀಟರ್ (ಅದನ್ನು ಅಳೆಯುವ ಮಾನ) ದಾಟಿದರೆ, ಹುಣಸೆಮರದ ಬಳಿ ಸುಮಾರು 130 ಅಡಿಯವರೆಗೆ ನೂರರೊಳಗೇ ಇತ್ತು, ಅಂದರೆ ಅಲ್ಲಿ ಕಲ್ಲು ಶಿಥಿಲವಾಗಿ ನೀರಿರುವ ಸಾಧ್ಯತೆ ಹೆಚ್ಚು. ಅಲ್ಲಿಯೇ ಕೊರೆಸಿದೆ, 145 ಅಡಿಗೆ ಎರಡು ಇಂಚು ನೀರು ಬಂತು, 280ಕ್ಕೆ ನಿಲ್ಲಿಸಿದೆ.

ಚನ್ನಗಿರಿಯಿಂದ: ಇಷ್ಟೆಲ್ಲ ತಂತಿ ಏಕೆ? ನಮ್ಮ ಅಡಿಕೆ ತೋಟದ ಮೂರೂ ಬೋರುಗಳನ್ನು ಅಂಗೈ ಮೇಲೆ ತೆಂಗಿನಕಾಯಿ ಇಟ್ಟು ನೋಡುವ ಹಿರಿಯರು ಗುರುತಿಸಿದರು. ಕಾಣಿಕೆ 501 ರೂಪಾಯಿ, ಮೂರರಲ್ಲೂ ನೀರಿದೆ.

ಶಿರಾದಿಂದ: ಭದ್ರಾ ನಾಲೆ ಹರಿಯುವ ತಾಲ್ಲೂಕಿನವರು ಪಾವಗಡದವರಿಗೆ ತೆಂಗಿನಕಾಯಿಯ ಸಲಹೆ ಕೊಡಬಾರದು.

ಚನ್ನಗಿರಿಯಿಂದ: ನಾಲೆ ನಮ್ಮ ತೋಟದಿಂದ ಹನ್ನೆರಡು ಕಿಲೋಮೀಟರ್ ದೂರ, ಸ್ವಾಮಿ. 2017ರ ಬೇಸಿಗೆಯಲ್ಲಿ ಟ್ಯಾಂಕರ್ ನೀರು ಹೊಡೆಸಿ ಮರ ಉಳಿಸಿಕೊಂಡವರು ನಾವು. ತಿಳಿಯದೆ ಮಾತಾಡಬೇಡಿ.

ಗೌರಿಬಿದನೂರಿನಿಂದ: ಹದಿನಾಲ್ಕು ವರ್ಷ ಮೀಟರ್ ಹಿಡಿದವನಾಗಿ ಹೇಳುತ್ತೇನೆ. ಈ ಸರ್ವೆ ಶಿಥಿಲಗೊಂಡ ಕಲ್ಲಿನ ಪದರ ಎಲ್ಲಿ ದಪ್ಪವಾಗಿದೆಯೆಂದು ಚೆನ್ನಾಗಿ ತೋರಿಸುತ್ತದೆ. ಆದರೆ 650 ಅಡಿ ಆಳದ ಗಟ್ಟಿ ಬಂಡೆಯೊಳಗಿರುವ ಅಂಗುಲದಷ್ಟು ಬಿರುಕು ಮೇಲಿನಿಂದ ಅದಕ್ಕೆ ಕಾಣಿಸದು. ಅಂಕಿ ಇಳಿದ ಮಾತ್ರಕ್ಕೆ ನೀರೆಂದೂ ಅಲ್ಲ, ಜೇಡಿಮಣ್ಣೂ ಹಾಗೆಯೇ ತೋರಿಸುತ್ತದೆ. ಇಷ್ಟು ಇಂಚು ನೀರೆಂದು ಹೇಳುವ ಶಕ್ತಿ ಯಾವ ಮೀಟರಿಗೂ ಇಲ್ಲ.

ಚಿಂತಾಮಣಿಯಿಂದ: ಈ ಮಾತನ್ನು ನಿಮ್ಮ ವೃತ್ತಿಯವರು ಹಣ ಪಡೆಯುವ ಮೊದಲು ಹೇಳಬೇಕಿತ್ತು. ನನ್ನ ಚೀಟಿ ಇನ್ನೂ ಬೀರುವಿನಲ್ಲಿದೆ. ಅದರಲ್ಲಿ ಅಳತೆಯ ಒಂದು ಅಂಕಿಯೂ ಇಲ್ಲ. ಕೆಂಪು ಶಾಯಿಯಲ್ಲಿ 650 ಅಡಿ, ಎರಡೂವರೆ ಇಂಚು ಎಂದಷ್ಟೇ ಇದೆ.