ದಿನದ ಕೆಲಸದಲ್ಲಿ ಖುಷಿ: ನಾವೇ ಹುಡುಕಿಕೊಳ್ಳಬೇಕಾ, ಸಿಗೋ ಹಾಗೆ ಕೆಲಸವೇ ಇರಬೇಕಾ?

ಕಡತವಾಸಿ
ವಿಮೆ ಅರ್ಜಿಗಳ ಜೊತೆ ಬರುವ ಬಿಲ್ಲುಗಳನ್ನು ಪರಿಶೀಲಿಸಿ ಕಂಪ್ಯೂಟರಿಗೆ ಏರಿಸುವುದು ನನ್ನ ಕೆಲಸ. ತಾರೀಕು, ಮೊತ್ತ, ವೈದ್ಯರ ಸಹಿ ಸರಿಯಿದ್ದರೆ ಮುಂದಿನ ಮೇಜಿಗೆ, ಇಲ್ಲದಿದ್ದರೆ ವಾಪಸ್. ಮುಂದೆ ಅದೇನಾಯಿತೋ ನನಗೆ ತಿಳಿಯುವುದಿಲ್ಲ. ಸಂಬಳ ಹೊತ್ತಿಗೆ ಸರಿಯಾಗಿ ಬರುತ್ತದೆ, ಮೇಲಿನವರೂ ಕೆಟ್ಟವರಲ್ಲ. ಆದರೂ ಸಂಜೆ ಎದ್ದು ಹೊರಡುವಾಗ ದಿನವಿಡೀ ಏನು ಮಾಡಿದೆ ಎಂದು ಯಾರಾದರೂ ಕೇಳಿದರೆ ಹೇಳೋಕೆ ಏನೂ ಇರುವುದಿಲ್ಲ. ಮೊನ್ನೆ ತರಬೇತಿ ಅಂತ ಕೂರಿಸಿ, "ಮಾಡುವ ಕೆಲಸವನ್ನೇ ಪ್ರೀತಿಸಿ, ಅರ್ಥ ತಾನಾಗಿ ಬರುತ್ತದೆ" ಅಂದರು. ಹಾಗೆ ಮನಸ್ಸಿಗೆ ಹೇಳಿಕೊಂಡರೆ ಪ್ರೀತಿ ಹುಟ್ಟುತ್ತದಾ? ಇಲ್ಲಿ ಯಾರಿಗಾದರೂ ಹುಟ್ಟಿದೆಯಾ?

ಟರ್ನರ್ ಮಾಮ
ಹೇಳಿಕೊಂಡರೆ ಬರಲ್ಲ ತಮ್ಮಾ, ಕೆಲಸ ಕೈಗೆ ಹತ್ತಿದ ಮೇಲೆ ಬರುತ್ತೆ. ನಾನು ಲೇತ್ (ಲೋಹವನ್ನ ತಿರುಗಿಸಿ ಕಡೆಯೋ ಯಂತ್ರ) ಮೇಲೆ ಕೆಲಸ ಮಾಡೋನು. ಕಲಿಯೋ ಕಾಲದಲ್ಲಿ ನನಗೂ ಅದು ಬರೀ ಗದ್ದಲ, ಎಣ್ಣೆ ವಾಸನೆ ಅಷ್ಟೆ. ಈಗ ಟೂಲ್ ಮೊಂಡಾಗಿದ್ರೆ ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತೆ. ಉಕ್ಕು ಟರ್ನಿಂಗ್ ಮಾಡುವಾಗ ಚೂರು ಉದ್ದುದ್ದ ಸುರುಳಿಯಾಗಿ ಬಂದ್ರೆ ನೋಡೋಕೆ ಚೆಂದ, ಆದರೆ ಅಪಾಯ. ಉಕ್ಕನ್ನ ಹಿಡಿದು ತಿರುಗಿಸೋ ಚಕ್‌ಗೆ ಸುತ್ಕೊಂಡ್ರೆ ಕೈ ಸೀಳಿಬಿಡುತ್ತೆ. ಫೀಡು (ಟೂಲ್ ಮುಂದೆ ಸರಿಯೋ ವೇಗ), ಕಟ್ಟಿನ ಆಳ ಎರಡನ್ನೂ ಹೊಂದಿಸ್ತಾ ಹೋದ್ರೆ ಒಂದು ಹಂತದಲ್ಲಿ ಅದು 9 ಅಂಕಿಯಂಥ ಪುಟ್ಟ ತುಂಡುಗಳಾಗಿ ಪಟಪಟ ಉದುರೋಕೆ ಶುರುವಾಗುತ್ತೆ. ಕಾರ್ಬೈಡ್ ಅನ್ನೋ ಗಟ್ಟಿ ವಸ್ತುವಿನ ಟೂಲ್ ಆದ್ರೆ ತುಂಡು ನೀಲಿಗೆ ತಿರುಗಿರುತ್ತೆ. ಅಂದ್ರೆ ಬಿಸಿಯ ಬಹುಪಾಲು ಚೂರಿನ ಜೊತೆ ಹೋಗ್ತಿದೆ, ಜಾಬ್‌ಗೆ (ಕಡೆಯೋ ಲೋಹಕ್ಕೆ) ತಟ್ಟುತ್ತಿಲ್ಲ. ಆ ಸದ್ದು ಕೇಳಿದ್ರೆ ಸಾಕು ನನಗೆ. ಆ ಶಾಫ್ಟು ಯಾವ ಪಂಪಿಗೆ ಹೋಗುತ್ತೆ, ಯಾರಿಗೆ ಉಪಕಾರ ಆಗುತ್ತೆ ಅನ್ನೋದು ಆಗ ತಲೆಯಲ್ಲೇ ಇರಲ್ಲ.

ಉಪ್ಪುಖಾರ
ಮಾಮ, ನಿಮ್ಮ ಕೆಲಸದಲ್ಲಿ ಹೊಂದಿಸೋಕೆ ಏನೋ ಒಂದಿದೆ, ಫೀಡು ನಿಮ್ಮ ಕೈಲಿದೆ. ತಪ್ಪಾದ್ರೆ ಆ ಕ್ಷಣವೇ ಲೋಹ ಹೇಳುತ್ತೆ. ಕಡತವಾಸಿಯವರ ಕೈಲಿ ಏನಿದೆ? ಸರಿ ಅಥವಾ ವಾಪಸ್, ಎರಡೇ ಗುಂಡಿ. ಅವರಿಗೆ ಹೋಗಿ "ಪ್ರೀತಿಸಿ" ಅನ್ನೋದು ಕೊಡಬೇಕಾದ್ದನ್ನು ಕೊಡದೆ ಮಾತಲ್ಲೇ ಸಾಗಹಾಕೋ ಕೆಲಸ. ಇನ್ನೇನು ಯಾರಾದರೂ ಬಂದು "ಕಾಯಕವೇ ಕೈಲಾಸ" ಅಂತಾರೆ. ಆ ಮಾತಿನ ಜೊತೆಗೇ ದಾಸೋಹವೂ ಇತ್ತು, ದುಡಿದದ್ದರ ಹಂಚಿಕೆಯ ಮಾತೂ ಇತ್ತು ಅನ್ನೋದನ್ನ ಫಲಕ ಬರೆಸಿ ಗೋಡೆಗೆ ತೂಗುಹಾಕೋರು ಮರೆತಿರ್ತಾರೆ.

ರಾತ್ರಿಪಾಳಿ
ಎರಡೇ ಗುಂಡಿ ಇರೋ ಕೆಲಸವನ್ನೂ ಜನ ತಮಗೆ ಬೇಕಾದ ಹಾಗೆ ಹಿಗ್ಗಿಸಿಕೊಳ್ತಾರೆ ಉಪ್ಪುಖಾರ ಅವ್ರೇ. ನಾನು ನರ್ಸ್, ದಿನಾ ನೋಡ್ತೀನಿ. ಏಮಿ ವ್ರೆಸ್ನೆವ್‌ಸ್ಕಿ, ಜೇನ್ ಡಟನ್ ಅಂತ ಇಬ್ಬರು ಸಂಶೋಧಕಿಯರು ಅಮೆರಿಕದ ಒಂದು ಆಸ್ಪತ್ರೆಯಲ್ಲಿ ನೆಲ ಒರೆಸೋರನ್ನ ಮಾತಾಡಿಸಿದ್ದರು. ಅವರ ಪ್ರಬಂಧ 2001ರಲ್ಲಿ ಬಂತು. ಎಲ್ಲರದೂ ಒಂದೇ ಕೆಲಸ. ಆದರೆ ಕೆಲವರು ಹೇಳಿದಷ್ಟು ಮಾಡಿ ಹೋಗೋರು. ಇನ್ನು ಕೆಲವರು ರೋಗಿಗಳನ್ನ, ನೋಡೋಕೆ ಬಂದವರನ್ನ ಮಾತಾಡಿಸೋರು, ನರ್ಸ್‌ಗಳಿಗೆ ಯಾವ ಹೊತ್ತು ಅನುಕೂಲ ಅಂತ ನೋಡಿ ತಮ್ಮ ಕೆಲಸದ ಸರದಿಯನ್ನೇ ಬದಲಿಸಿಕೊಳ್ಳೋರು. ಈ ಎರಡನೇ ಗುಂಪಿನವರಿಗೆ ತಮ್ಮ ಕೆಲಸವೂ ಚಿಕಿತ್ಸೆಯ ಒಂದು ಭಾಗ.

ನಮ್ಮ ವಾರ್ಡಿನ ಆಯಾ ಒಬ್ಬರು ಒರೆಸಿ ಮುಗಿಸಿದ ಮೇಲೆ ಪ್ರತಿ ಹಾಸಿಗೆಯ ಹತ್ತಿರ ನಿಂತು ಪಕ್ಕದ ಮೇಜನ್ನ ಒಂದಿಷ್ಟು ಎಳೆದು ಇಡ್ತಾರೆ. ರೋಗಿಯ ಡ್ರಿಪ್ ಇಲ್ಲದ ಕೈಯಿ ಯಾವುದು ನೋಡಿ, ಆ ಕಡೆಗೆ. ರಾತ್ರಿ ಎಚ್ಚರವಾದ್ರೆ ನೀರಿಗೆ ಯಾರನ್ನೂ ಕರೀಬೇಕಾಗಲ್ಲ. ಇದನ್ನ ಅವರಿಗೆ ಯಾರೂ ಹೇಳಿಕೊಟ್ಟಿಲ್ಲ.

ಉಪ್ಪುಖಾರ
ಅವರಿಗೆ ನನ್ನ ನಮಸ್ಕಾರ. ಆದರೆ ಅದಕ್ಕೆ ಅವರ ಸಂಬಳದಲ್ಲಿ ಏನಾದರೂ ಸೇರಿದೆಯಾ ಅಂತ ಕೇಳಿ ನೋಡಿ. ನೀವು ಪ್ರಬಂಧ ತಂದ್ರಿ, ನಾನೂ ಒಂದು ತರ್ತೀನಿ. ಬಂಡರ್‌ಸನ್, ಥಾಂಪ್ಸನ್ ಅನ್ನೋರು 2009ರಲ್ಲಿ ಮೃಗಾಲಯಗಳಲ್ಲಿ ಪ್ರಾಣಿ ನೋಡಿಕೊಳ್ಳೋರ ಬಗ್ಗೆ ಬರೆದದ್ದು. ಈ ಕೆಲಸಕ್ಕೇ ನಾನು ಹುಟ್ಟಿದ್ದು ಅಂತ ನಂಬಿದವರಿಗೆ ಅದರಲ್ಲಿ ಅರ್ಥ ಹೆಚ್ಚು ಸಿಕ್ಕಿತ್ತು, ನಿಜ. ಜೊತೆಗೆ ಅದೇ ಜನ ಕಡಿಮೆ ಸಂಬಳ ಸಹಿಸಿಕೊಳ್ಳೋಕೆ, ತಮ್ಮ ಸ್ವಂತ ಸಮಯ ಬಿಟ್ಟುಕೊಡೋಕೆ ಹೆಚ್ಚು ತಯಾರಿದ್ದರು. ಮೇಲಿನವರಿಗೆ ಇದಕ್ಕಿಂತ ಏನು ಬೇಕು? ಪ್ರೀತಿ ಇರೋನನ್ನೇ ಹೆಚ್ಚು ದುಡಿಸೋದು ಸುಲಭ.

ತಂಡನಾಯಕಿ
ಈ "ಮೇಲಿನವರು" ಪೈಕಿ ನಾನೂ ಒಬ್ಬಳು, ಕಾಲ್ ಸೆಂಟರಿನಲ್ಲಿ ಒಂದು ತಂಡ ನೋಡಿಕೊಳ್ತೀನಿ. ಉಪ್ಪುಖಾರ ಹೇಳೋ ಅಪಾಯ ಇದೆ, ಅಲ್ಲಗಳೆಯಲ್ಲ. ಆದರೆ ಕಡತವಾಸಿಯವರ ತೊಂದರೆ ಸಂಬಳದ್ದಲ್ಲ, ಅವರೇ ಹೇಳಿದಾರೆ. "ಮುಂದೆ ಅದೇನಾಯಿತೋ ತಿಳಿಯುವುದಿಲ್ಲ", ಅವರ ನೋವು ಇರೋದು ಆ ವಾಕ್ಯದಲ್ಲಿ.

ಮನಶ್ಶಾಸ್ತ್ರಜ್ಞ ಆ್ಯಡಮ್ ಗ್ರ್ಯಾಂಟ್ 2007ರಲ್ಲಿ ಪ್ರಕಟಿಸಿದ ಪ್ರಯೋಗ ಒಂದಿದೆ. ವಿಶ್ವವಿದ್ಯಾಲಯಕ್ಕೆ ಫೋನಿನಲ್ಲಿ ದೇಣಿಗೆ ಕೇಳೋ ಹುಡುಗ ಹುಡುಗಿಯರು, ದಿನವಿಡೀ "ಬೇಡ" ಅನ್ನಿಸಿಕೊಳ್ಳೋ ಕೆಲಸ. ಅವರಲ್ಲಿ ಒಂದು ಗುಂಪಿಗೆ, ಆ ಹಣದಿಂದ ವಿದ್ಯಾರ್ಥಿವೇತನ ಪಡೆದ ಒಬ್ಬ ವಿದ್ಯಾರ್ಥಿಯ ಜೊತೆ ಐದು ನಿಮಿಷ ಮಾತಾಡಿಸಿದರು. ತಿಂಗಳಾದ ಮೇಲೆ ನೋಡಿದ್ರೆ ಅವರು ಫೋನಿನಲ್ಲಿ ಕಳೆಯೋ ಸಮಯ, ತಂದ ಹಣ ಎರಡೂ ದುಪ್ಪಟ್ಟಿಗಿಂತ ಹೆಚ್ಚಾಗಿತ್ತು. ಉಳಿದವರದ್ದು ಇದ್ದ ಹಾಗೇ ಇತ್ತು. ಕೆಲಸದ ರೀತಿ ಒಂದಿಷ್ಟೂ ಬದಲಾಗಿರಲಿಲ್ಲ, ಯಾರೂ ಭಾಷಣ ಮಾಡಿರಲಿಲ್ಲ. ಯಾರಿಗೆ ತಲುಪುತ್ತೆ ಅನ್ನೋದು ಕಣ್ಣಿಗೆ ಬಿತ್ತು, ಅಷ್ಟೆ.

ಉಪ್ಪುಖಾರ
ಲಾಭ ಆಗಿದ್ದು ವಿಶ್ವವಿದ್ಯಾಲಯಕ್ಕೆ, ಫೋನ್ ಮಾಡಿದೋರಿಗೆ ಖುಷಿ ಹೆಚ್ಚಾಯ್ತಾ ಅಂತ ನೀವು ಹೇಳ್ಲೇ ಇಲ್ಲ ನೋಡಿ.

ಸುಮ್ನಿರಲಾರೆ
ಎಲ್ಲರೂ ಸಂಬಳ ಬರೋ ಕೆಲಸದ ಬಗ್ಗೆನೇ ಮಾತಾಡ್ತಿದೀರಿ. ನಾನು ಮನೆ ನೋಡಿಕೊಳ್ಳೋಳು. ಸಂಬಳದ ಪ್ರಶ್ನೆಯೇ ಇಲ್ಲ, ಬಡ್ತಿ ಇಲ್ಲ, ಭಾನುವಾರವೂ ಇಲ್ಲ. ಒಂದು ಲೆಗೊ (ತುಂಡು ಜೋಡಿಸಿ ಆಡೋ ಆಟಿಕೆ) ಪ್ರಯೋಗ ಓದಿದ್ದೆ, 2008ರದ್ದು, ಸಂಶೋಧಕ ಡ್ಯಾನ್ ಆರಿಯೆಲಿ ಮತ್ತು ಜೊತೆಯವರದ್ದು. ಬೊಂಬೆ ಜೋಡಿಸಿದರೆ ದುಡ್ಡು, ಪ್ರತಿ ಬೊಂಬೆಗೂ ದುಡ್ಡು ಸ್ವಲ್ಪ ಸ್ವಲ್ಪ ಕಡಿಮೆ ಆಗ್ತಾ ಹೋಗುತ್ತೆ. ಒಂದು ಗುಂಪಿನವರು ಮಾಡಿದ್ದನ್ನ ಮೇಜಿನ ಮೇಲೆ ಸಾಲಾಗಿ ಇಟ್ಟರು. ಇನ್ನೊಂದು ಗುಂಪಿನವರದ್ದನ್ನ ಕಣ್ಣೆದುರೇ ಬಿಚ್ಚಿ, ಅವೇ ತುಂಡುಗಳನ್ನ ಮತ್ತೆ ಕೊಟ್ಟರು. ಮೊದಲನೆಯವರು ಸರಾಸರಿ 10.6 ಬೊಂಬೆ ಜೋಡಿಸಿ ನಿಲ್ಲಿಸಿದ್ರೆ ಎರಡನೆಯವರು 7.2ಕ್ಕೇ ಸಾಕು ಅಂದರು. ದುಡ್ಡಿನ ಲೆಕ್ಕ ಇಬ್ಬರಿಗೂ ಒಂದೇ.

ಓದಿ ನಗು ಬಂತು. ಕಣ್ಣೆದುರೇ ಬಿಚ್ಚಿಹಾಕೋದು ಅಂದ್ರೆ ನಮ್ಮನೆ! ಮಡಚಿಟ್ಟ ಬಟ್ಟೆ ಸಂಜೆಗೆ ಗುಡ್ಡೆ, ಒರೆಸಿದ ನೆಲದ ಮೇಲೆ ಆರೋ ಮೊದಲೇ ಹೆಜ್ಜೆ ಗುರುತು. ನಾವ್ಯಾರೂ ಏಳಕ್ಕೇ ನಿಲ್ಲಿಸಿ ಎದ್ದು ಹೋಗೋ ಹಾಗಿಲ್ಲ.

ಉಪ್ಪುಖಾರ
ಆರಿಯೆಲಿ ಹೆಸರಿದ್ದ 2012ರ ಇನ್ನೊಂದು ಪ್ರಬಂಧವನ್ನ ದತ್ತಾಂಶ ನಂಬೋ ಹಾಗಿಲ್ಲ ಅಂತ 2021ರಲ್ಲಿ ಹಿಂತೆಗೆದುಕೊಂಡರು. ಅದು ಬೇರೆ ವಿಷಯದ್ದು, ಲೆಗೊದ್ದಲ್ಲ. ಆದರೂ ನೆನಪಿರಲಿ. (ನಿಮ್ಮ ಮನೆಯ ದತ್ತಾಂಶದ ಬಗ್ಗೆ ನನಗೆ ಯಾವ ಅನುಮಾನವೂ ಇಲ್ಲ.)

ಟರ್ನರ್ ಮಾಮ
ತಂಗೀ, ಹಾಗಾದ್ರೆ ನಿನಗೆ ಖುಷಿ ಅನ್ನೋದೇ ಇಲ್ವಾ?

ಸುಮ್ನಿರಲಾರೆ
ಇದೆ ಅಣ್ಣಾ, ಆದರೆ ನೆಲ ಒರೆಸೋದ್ರಲ್ಲಿ ಇದೆ ಅಂತ ಯಾರೂ ನನಗೆ ಪಾಠ ಹೇಳೋದು ಬೇಡ. ಯಾವುದು ಮೊದಲು, ಯಾವುದನ್ನ ಇವತ್ತು ಮುಟ್ಟೋದೇ ಇಲ್ಲ, ಇದನ್ನ ನಾನೇ ತೀರ್ಮಾನ ಮಾಡಿದ ದಿನ ಅದೇ ಕೆಲಸ ಹಗುರ. "ಇನ್ನೂ ಅದು ಆಗಿಲ್ವಾ" ಅಂತ ಒಬ್ಬರು ಬಾಗಿಲಲ್ಲಿ ನಿಂತು ಕೇಳಿದ್ರೆ ಮುಗೀತು. ಕೆಲಸದಲ್ಲಿ ಏನೂ ಬದಲಾಗಿರಲ್ಲ, ಮೈಯೆಲ್ಲ ಭಾರ.

ಕಡತವಾಸಿ
ನೀವೆಲ್ಲ ಹೇಳಿದ್ದನ್ನು ಓದುತ್ತಾ ಒಂದು ನೆನಪಾಯಿತು. ಅರ್ಜಿ ವಾಪಸ್ ಕಳಿಸುವಾಗ ಪಟ್ಟಿಯಿಂದ ಒಂದು ಕಾರಣ ಆರಿಸಬೇಕು. ಹೆಚ್ಚಿನ ಸಲ "ದಾಖಲೆ ಅಪೂರ್ಣ". ಅದರ ಕೆಳಗೆ ಖಾಲಿ ಜಾಗವೊಂದಿದೆ, ಅದನ್ನು ನಮ್ಮಲ್ಲಿ ಯಾರೂ ತುಂಬುವುದಿಲ್ಲ. ಅಲ್ಲಿ "ಡಿಸ್ಚಾರ್ಜ್ ಪತ್ರದ ಎರಡನೇ ಪುಟ ಬಂದಿಲ್ಲ, ಅದೊಂದನ್ನು ಕಳಿಸಿದರೆ ಸಾಕು" ಎಂದು ಬರೆಯಬಹುದು. ಈಗ ಜನಕ್ಕೆ ಏನು ಕಮ್ಮಿ ಎಂದು ಗೊತ್ತಾಗದೆ ಇಡೀ ಕಂತೆಯನ್ನೇ ಮತ್ತೆ ಕಳಿಸುತ್ತಾರೆ, ಕೆಲವೊಮ್ಮೆ ಅದೇ ಪುಟ ಬಿಟ್ಟು. ಮರಳಿ ಬಂದ ಅರ್ಜಿಗಳು ನನ್ನ ಮೇಜಿಗೇ ಬರುವುದರಿಂದ ಉಪಯೋಗವಾಯಿತೇ ಇಲ್ಲವೇ ಎಂದು ನನಗೇ ಕಾಣುತ್ತದೆ.

ರಾತ್ರಿಪಾಳಿ
ಇದೇ! ಆಸ್ಪತ್ರೆಯಿಂದ ಬಂದು ಸುಸ್ತಾಗಿ ಕೂತವರಿಗೆ ಆ ಒಂದು ಸಾಲು ಎಷ್ಟು ಉಪಕಾರ ಅಂತ ನನ್ನ ಕೇಳಿ.

ಉಪ್ಪುಖಾರ
ಒಳ್ಳೇದು, ಮಾಡಿ. ಆದರೆ ಒಂದೊಂದಕ್ಕೂ ಎರಡು ನಿಮಿಷ ಹೆಚ್ಚು ಹಿಡಿದ್ರೆ ದಿನದ ಲೆಕ್ಕ ಕಡಿಮೆ ಆಗುತ್ತೆ. ತಿಂಗಳ ಕೊನೆಗೆ ಪಟ್ಟಿಯಲ್ಲಿ ನಿಮ್ಮ ಹೆಸರು ಕೆಳಗೆ ಹೋದಾಗ ಯಾರು ಉತ್ತರ ಕೊಡ್ತಾರೆ? ಮೊದಲು ಮೇಲಿನವರಿಗೆ ತಿಳಿಸಿ, ಸಾಧ್ಯವಾದ್ರೆ ಬರಹದಲ್ಲಿ ಒಪ್ಪಿಗೆ ತಗೊಳ್ಳಿ.

ಟರ್ನರ್ ಮಾಮ
ಕೇಳೋಕೆ ಹೋದ್ರೆ ಬೇಡ ಅಂತಾರೆ. ಒಂದಷ್ಟು ದಿನ ಸುಮ್ನೆ ಮಾಡು, ಎರಡನೇ ಸಲ ವಾಪಸ್ ಹೋಗೋ ಅರ್ಜಿ ಕಡಿಮೆ ಆಯ್ತು ಅಂತ ತೋರಿಸು, ಆಮೇಲೆ ಕೇಳು.

ತಂಡನಾಯಕಿ
ಮಾಮ, ನನ್ನ ತಂಡದಲ್ಲಿ ಯಾರಾದರೂ ಹಾಗೆ ತೋರಿಸಿದ್ರೆ ನಾನು ಒಪ್ತೀನಿ. ಎಲ್ಲ ಕಡೆ ಒಪ್ಪಲ್ಲ. ಕಡತವಾಸಿಯವರೇ, ನಿಮ್ಮಲ್ಲಿ ಎಣಿಸೋದು ಮುಗಿಸಿದ ಅರ್ಜಿಗಳನ್ನಾ, ಮುಟ್ಟಿದ ಅರ್ಜಿಗಳನ್ನಾ? ಮುಟ್ಟಿದ್ದನ್ನೇ ಎಣಿಸೋದಾದ್ರೆ ಮರಳಿ ಬರೋದು ಕಡಿಮೆಯಾದದ್ದು ಲೆಕ್ಕಕ್ಕೇ ಬರಲ್ಲ, ಉಪ್ಪುಖಾರ ಹೇಳಿದ ಹಾಗೆ ಮೊದಲು ಒಪ್ಪಿಗೆ ತಗೊಳ್ಳಿ.